ಸೇತುವೆಯ ಈಚೆ ಒಂಬತ್ತು ನಿಮಿಷ

ಫೆಬ್ರವರಿ ೩, ಸೋಮವಾರ

ಇವತ್ತು ಮಾನ ಹೋಯಿತು. ಹಲ್ಲಿನ ಡಾಕ್ಟರ ಅವಳಿ ಗಂಡುಮಕ್ಕಳು ಈಜುಕೊಳದ ಹೊರಗಿನ ಕಟ್ಟೆಯ ಮೇಲೆ ಒದ್ದೆ ತಲೆಯಲ್ಲಿ ಐವತ್ತು ನಿಮಿಷ ಕೂತಿದ್ದರು. ಕರೆತರುವ ಸರದಿ ನನ್ನದೆಂದು ಡಾಕ್ಟರು ತಿಳಿದಿದ್ದರು, ಬಡಗಿಯದೆಂದು ನಾನು ತಿಳಿದಿದ್ದೆ, ಬಡಗಿ ಏನನ್ನೂ ತಿಳಿದಿರಲಿಲ್ಲ. ನನ್ನ ಮಗಳು ನೆಗಡಿಯೆಂದು ಮನೆಯಲ್ಲೇ ಉಳಿದಿದ್ದಳು. ಬಡಗಿಯ ಮಗಳು ಗುಬ್ಬಿಗೆ ಹಲ್ಲುನೋವು, ಆ ಹೊತ್ತಿಗೆ ಅವಳು ಇದೇ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಳು. ಒಬ್ಬರ ಬಾಯಿ ನೋಡುವುದರಲ್ಲಿ ಇಬ್ಬರು ಮಕ್ಕಳು ಮರೆತುಹೋದರು.

ಮೂರು ಮನೆ, ನಾಲ್ಕು ಮಕ್ಕಳು, ಮೂರು ಕಾರು, ವಾರಕ್ಕೆ ಮೂರು ಸಂಜೆ. ಈಜುಕೊಳ ನದಿಯ ಆಚೆ, ನಲವತ್ತು ನಿಮಿಷದ ದಾರಿ. ಇಷ್ಟು ದಿನ ಈ ಪಟ್ಟಿಯೆಲ್ಲ ನಮ್ಮ ಮನೆಯವರ ತಲೆಯಲ್ಲಿ ಇರುತ್ತಿತ್ತು. ಹಡಗಿನ ಅಡುಗೆಮನೆಯ ಕೆಲಸಕ್ಕೆ ಇವರು ಹೊರಟು ಒಂಬತ್ತು ದಿನವಾಯಿತು, ಇನ್ನು ನಾಲ್ಕು ತಿಂಗಳು ಬರುವುದಿಲ್ಲ. ಹೋಗುವಾಗ, "ಕಷ್ಟ ಆದ್ರೆ ನಿಮ್ಮಕ್ಕನ್ನ ಕರೆಸ್ಕೋ" ಅಂದಿದ್ದರು. ನಮ್ಮಕ್ಕ ಬಂದರೆ ಕಷ್ಟ ಎರಡಾಗುತ್ತದೆ ಎಂದು ಇವರಿಗೂ ಗೊತ್ತು. ನಾನೊಬ್ಬಳೇ ನಿಭಾಯಿಸುತ್ತೇನೆ ಎಂದು ಹೇಳಿ ಕಳಿಸಿದ್ದೇನೆ, ಈಗ ಹಿಂದೆ ಸರಿಯುವ ಮಾತಿಲ್ಲ.

ಡಾಕ್ಟರು ಫೋನಿನಲ್ಲಿ ಕಿರುಚಲಿಲ್ಲ, ಅದೇ ದೊಡ್ಡ ಶಿಕ್ಷೆ. "ಮನುಷ್ಯರ ಕೈಲಿ ಆಗಲ್ಲ ಇದು. ಎಐಗೆ ವಹಿಸಿಬಿಡೋಣ" ಅಂದರು. ವಹಿಸುವ ಕೆಲಸ ನನಗೇ ಬಂತು.

ಫೆಬ್ರವರಿ ೫, ಬುಧವಾರ

ಸಹಾಯಕನನ್ನು ಮೂರೂ ಮನೆಯ ಫೋನಿಗೆ ಹಾಕಿಸಿದೆ. ಬರೆದರೆ ಓದುತ್ತದೆ, ಮಾತಾಡಿದರೆ ಕೇಳಿಸಿಕೊಳ್ಳುತ್ತದೆ, ಯಾರ ಕಾರು ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳುತ್ತದೆ. ಮಾತು ಮಾತ್ರ ಅರ್ಜಿ ಬರೆದ ಹಾಗೆ. ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಬಡಗಿಯದೇ ನನಗೆ ಚಿಂತೆ. ಒಳ್ಳೆಯ ಮನುಷ್ಯ, ಆದರೆ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು. ಎದುರಿಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾನೆ. ಹಾಗಾಗಿ ಒಂದು ಉಪಾಯ ಮಾಡಿದೆ. ಕಾರಿನಿಂದ ಇಳಿದ ಮೇಲೆ ಮಕ್ಕಳು ಗುಮಾಸ್ತನಿಗೆ ಗುಟ್ಟಾಗಿ ಮಾತು ಕಳಿಸಬಹುದು. ಯಾರ ಕಾರಿನಲ್ಲಾದರೂ ಭಯವಾಯಿತು ಎಂದು ಇಬ್ಬರು ಹೇಳಿದರೆ ಅವರ ಸರದಿಯನ್ನು ಗುಮಾಸ್ತ ಮೆಲ್ಲಗೆ ಕಡಿಮೆ ಮಾಡಬೇಕು. ಹೇಳಿದ ಮಗು ಯಾರೆಂದು ಬಾಯಿ ಬಿಡಬಾರದು. ಸರದಿ ಹೋದವರ ಮನಸ್ಸೂ ನೋಯಬಾರದು, ಬೇರೆ ಏನಾದರೂ ಕಾರಣ ಕೊಡಬೇಕು.

"ಈ ನಿಯಮ ಎಲ್ಲ ಚಾಲಕರಿಗೂ ಅನ್ವಯಿಸಬೇಕೇ?" ಎಂದು ಕೇಳಿತು.

"ಎಲ್ಲರಿಗೂ ಕಣಪ್ಪ. ನಾನೇನು ಮೇಲಿಂದ ಇಳಿದು ಬಂದಿದೀನಾ?" ಅಂದೆ.

ಫೆಬ್ರವರಿ ೧೦, ಸೋಮವಾರ

ಈಜುಕೊಳದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮಕ್ಕಳು ನೀರಿನಲ್ಲಿದ್ದಾರೆ, ತರಬೇತುದಾರಳ ಸೀಟಿ ಕಿವಿಗೆ ಚುಚ್ಚುತ್ತಿದೆ. ಗುಮಾಸ್ತ ಬಂದು ಐದೇ ದಿನದಲ್ಲಿ ಪಟ್ಟಿಯ ಚಿಂತೆ ಬಿಟ್ಟಿದ್ದೇನೆ. ಯಾರು, ಎಷ್ಟು ಹೊತ್ತಿಗೆ, ಯಾವ ಗೇಟಿನಲ್ಲಿ, ಎಲ್ಲ ಅಚ್ಚುಕಟ್ಟು. ಅವಳಿಗಳಲ್ಲಿ ಒಬ್ಬ ಕನ್ನಡಕ ಮರೆತರೆ ಅದನ್ನೂ ನೆನಪಿಸುತ್ತದೆ.

ಆದರೂ ಇವತ್ತು ಹತ್ತು ನಿಮಿಷ ತಡವಾಯಿತು. ಸರಿಯಾದ ಹೊತ್ತಿಗೇ ಹೊರಟಿದ್ದೆ. ಸೇತುವೆಯ ಹತ್ತಿರ ಬರುವವರೆಗೂ ಸಮಯ ಕೈಯಲ್ಲಿತ್ತು, ದಾಟಿದ ಮೇಲೆ ಗಡಿಯಾರ ನೋಡಿದರೆ ಎಲ್ಲ ಸೋರಿಹೋಗಿತ್ತು. ಅಲ್ಲಿನ ಸಿಗ್ನಲ್ ಕೆಟ್ಟಿರಬೇಕು. ಆಮೇಲೆ ಒತ್ತಿದೆ ನೋಡಿ ವೇಗವನ್ನು, ಆ ಹತ್ತು ನಿಮಿಷವನ್ನು ಮೂರಕ್ಕೆ ಇಳಿಸಿದೆ. ಇವರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಈ ಪೆನ್ನು ಸರಿಯಿಲ್ಲ. ಮೇಲಿನ ಸಾಲಿನ ಕೊನೆಯಲ್ಲಿ ಮಸಿ ಒಂದೇ ಕಡೆ ಇಳಿದು ಬೊಟ್ಟಿನಷ್ಟು ದೊಡ್ಡ ಚುಕ್ಕೆಯಾಗಿದೆ. ಹಿಂದಿನ ಎರಡು ಪುಟಕ್ಕೂ ಹತ್ತಿದೆ.

ಫೆಬ್ರವರಿ ೧೪, ಶುಕ್ರವಾರ

ಪರದೆ ಹೊಲಿಯುವುದು ಕಣ್ಣು ಮುಚ್ಚಿ ಮಾಡುವ ಕೆಲಸ ಎಂದು ಜನ ತಿಳಿದಿದ್ದಾರೆ. ನಾಲ್ಕು ಮೀಟರಿನ ನೇರ ಹೊಲಿಗೆ ಹಾಕಿ ನೋಡಲಿ, ಗೊತ್ತಾಗುತ್ತದೆ. ಹೋಟೆಲ್ಲಿನವರ ಆರ್ಡರು, ಇನ್ನೂರ ಹತ್ತು ಪರದೆ. ಬೆಳಗಿನ ಪಾಳಿಗೆ ಐದಕ್ಕೇ ಹೋಗುತ್ತಿದ್ದೇನೆ. ಇವತ್ತು ಮೇಲ್ವಿಚಾರಕಿ ನಾನು ಹೊಲಿದ ಪರದೆಯೊಂದನ್ನು ತಂದು ಮೇಜಿನ ಮೇಲೆ ಹರಡಿದಳು. ನೇರ ಬರುತ್ತಿದ್ದ ಹೊಲಿಗೆ ಮಧ್ಯದಲ್ಲಿ ನಿಂತಿತ್ತು. ಒಂದು ಗೇಣು ಖಾಲಿ ಬಟ್ಟೆ. ಆಮೇಲೆ ಮತ್ತೆ ಶುರು, ಅದೂ ಸ್ವಲ್ಪ ಸೊಟ್ಟ.

"ಇಲ್ಲಿ ಎದ್ದು ಹೋಗಿದ್ಯಾ?"

"ಎಲ್ಲೂ ಹೋಗಿಲ್ಲ. ದಾರ ಹರಿದಿರತ್ತೆ."

ಅವಳು ನನ್ನ ಮುಖ ನೋಡಿದಳು. "ನಿದ್ದೆ ಮಾಡ್ತಿದೀಯಾ ಸರಿಯಾಗಿ?" ಎಂದು ಕೇಳಿದಳು. ಗಂಡ ಊರಲ್ಲಿಲ್ಲದ ಹೆಂಗಸಿಗೆ ಎಲ್ಲರೂ ಕೇಳುವ ಪ್ರಶ್ನೆ. ನಗುತ್ತಾ ತಲೆಯಾಡಿಸಿದೆ.

ಮಗಳು ಹಿಂದಿನ ಸೀಟು ಬಿಟ್ಟು ಮುಂದೆ ನನ್ನ ಪಕ್ಕಕ್ಕೆ ಬಂದಿದ್ದಾಳೆ. ಹತ್ತು ವರ್ಷದವಳಿಗೆ ಇದ್ದಕ್ಕಿದ್ದ ಹಾಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿದೆ. ಸೇತುವೆ ದಾಟಿದ ಕೂಡಲೇ ಮಗ್ಗಿ ಕೇಳಲು ಶುರು ಮಾಡುತ್ತಾಳೆ. "ಅಮ್ಮ, ಹದಿನೇಳಾರಲೆ ಎಷ್ಟು? ಹತ್ತೊಂಬತ್ತೆಂಟಲೆ?" ಹಿಂದಿನಿಂದ ಅವಳಿಗಳೂ ಸೇರಿಕೊಳ್ಳುತ್ತಾರೆ. ಲೆಕ್ಕ ಹಾಕುವಾಗ ನನ್ನ ಕಾಲು ತಾನಾಗಿ ಸಡಿಲವಾಗಿ ಕಾರು ನಿಧಾನವಾಗುತ್ತದೆ. "ತಡ ಆಗ್ತಿದೆ, ಬಾಯಿ ಮುಚ್ಚಿ ಕೂತ್ಕೊಳ್ರೋ" ಎಂದು ಗದರಿದೆ. ಅವರು ನಿಲ್ಲಿಸಲಿಲ್ಲ, ಇನ್ನೂ ಕಷ್ಟದ್ದು ಕೇಳಿದರು.

ಫೆಬ್ರವರಿ ೧೯, ಬುಧವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಇಳಿಸಿ ಇನ್ನೂ ಕಾರಿನ ಬಾಗಿಲು ಹಾಕಿಲ್ಲ, ಗುಮಾಸ್ತನ ಪ್ರಶ್ನೆ. "ನಿಮ್ಮ ವಾಹನ ಸೇತುವೆಯ ಈಚೆ ಒಂಬತ್ತು ನಿಮಿಷ ನಿಂತಿತ್ತು. ಎಲ್ಲವೂ ಸರಿಯಾಗಿದೆಯೇ?"

ನಿಂತಿತ್ತಂತೆ! ನಾನು ಎಲ್ಲೂ ನಿಲ್ಲಿಸಿಲ್ಲ. ನಿನ್ನ ನಕ್ಷೆಗೆ ಬುದ್ಧಿ ಕೆಟ್ಟಿದೆ ಎಂದೆ. "ಇದು ನಾಲ್ಕನೆಯ ಬಾರಿ. ನಿಮ್ಮ ಆರೋಗ್ಯವನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು" ಎಂದಿತು. ಗುಮಾಸ್ತ ಎಂದು ಕರೆದದ್ದಕ್ಕೆ ನನ್ನ ಮನೆ ಲೆಕ್ಕವನ್ನೆಲ್ಲ ನೋಡುತ್ತದೆಯೇ? ನಿನ್ನ ಕೆಲಸ ನೋಡು ಎಂದು ಬಾಯಿ ಮುಚ್ಚಿಸಿದೆ.

ನಿಜ ಹೇಳಬೇಕೆಂದರೆ ಮನಸ್ಸು ಬೇರೆ ಕಾರಣಕ್ಕೆ ಕೆಟ್ಟಿತ್ತು. ತಡವಾಗಿತ್ತೆಂದು ಜೋರಾಗಿ ಬರುತ್ತಿದ್ದೆ, ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಕೂದಲೆಳೆಯಲ್ಲಿ ತಪ್ಪಿತು. ನನ್ನ ಕೈ ಚುರುಕಾಗಿದ್ದಕ್ಕೆ ಬಚಾವಾದ. ಮಗಳು ಸೀಟಿನ ಅಂಚನ್ನು ಹಿಡಿದಿದ್ದಳು, ಬೆರಳು ಬೆಳ್ಳಗಾಗಿದ್ದವು.

ಗುಬ್ಬಿಗೆ ಏಳು ವರ್ಷ, ಮಾತು ಎಪ್ಪತ್ತರದು. ಈಗೀಗ ಕಾರು ಹತ್ತುವ ಮೊದಲು ಕಿಟಕಿಯಲ್ಲಿ ಇಣುಕಿ, "ಆಂಟಿ, ಈಗ ನೀವೇನಾ?" ಎಂದು ಕೇಳುತ್ತಾಳೆ. ಸರದಿ ಯಾರದೆಂದು ಅವಳಿಗೆ ಗೊಂದಲ. "ನಾನೇ ಕಣೇ" ಅಂದರೆ ಯಾಕೋ ಮುಖ ಸಣ್ಣದು ಮಾಡಿಕೊಂಡು ಹತ್ತಿದಳು.

ಫೆಬ್ರವರಿ ೨೧, ಶುಕ್ರವಾರ

ಹೂಂ. ಮಕ್ಕಳು ಇದ್ದಾರೆ. ನಾಲ್ಕು. ನೀರು ನಿಧಾನ ಹೋಗ್ತಾ ಇದೆ.

ಹೂಂ.

ನಿಧಾನ.

ಫೆಬ್ರವರಿ ೨೪, ಸೋಮವಾರ

ಶುಕ್ರವಾರ ಬರೆಯಲಾಗಲಿಲ್ಲ. ಪುಟದ ಮೇಲೆ ಯಾರೋ ಏನೋ ಗೀಚಿದ್ದಾರೆ, ಮಗಳ ಕೆಲಸವಿರಬೇಕು. ಕೇಳಿದರೆ ಇಲ್ಲವೆಂದಳು. ಅಕ್ಷರ ನನ್ನ ಅಕ್ಷರದ ಹಾಗೇ ಇದೆ, ಸ್ವಲ್ಪ ದುಂಡಗೆ, ನಾನು ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆ. ಮಕ್ಕಳು ತಾಯಿಯ ಅಕ್ಷರ ಕಲಿಯುವುದು ಸಹಜ. ದಿನಚರಿಯನ್ನು ಇನ್ನು ಕೈಚೀಲದ ಒಳಗಿನ ಜೇಬಿನಲ್ಲಿ ಇಡಬೇಕು.

ಈ ವಾರದ ಪಟ್ಟಿ ಬಂತು. ನನ್ನ ಹೆಸರು ಎಲ್ಲೂ ಇಲ್ಲ. "ಹೋಟೆಲ್ಲಿನ ಆರ್ಡರಿನ ಒತ್ತಡದಲ್ಲಿದ್ದೀರಿ. ಈ ವಾರ ವಿಶ್ರಾಂತಿ ಪಡೆಯಿರಿ" ಎಂದು ಗುಮಾಸ್ತನ ಒಕ್ಕಣೆ. ಬಡಗಿಗೆ ಎರಡು ಸರದಿ, ಡಾಕ್ಟರಿಗೆ ಒಂದು. ಆ ಒಂದು ಕೈಯ ಬಡಗಿಗೆ ಎರಡು!

ಸುಳ್ಳೇಕೆ, ಮೊದಲು ಹಾಯೆನಿಸಿತು. ಸಂಜೆ ಐದಕ್ಕೆ ಮನೆಗೆ ಬಂದು ಕಾಲು ಚಾಚಿ ಕೂತೆ. ಐದೂವರೆಯ ಹೊತ್ತಿಗೆ ಎಲ್ಲಿಯೋ ಹೋಗಬೇಕಿತ್ತು ಎನಿಸಿ ಎದ್ದು ನಿಂತೆ. ಎಲ್ಲಿಗೆ ಎಂದು ಹೊಳೆಯಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಪಾತ್ರೆಯ ತಳ ಕಪ್ಪಾಗಿತ್ತು.

ಮಾರ್ಚ್ ೩, ಸೋಮವಾರ

ಈ ವಾರವೂ ಇಲ್ಲ. "ನಿಮ್ಮ ವಾಹನದ ಹಿಂದಿನ ಚಕ್ರಗಳನ್ನು ಪರೀಕ್ಷಿಸುವ ಕಾಲವಾಗಿದೆ. ಅಲ್ಲಿಯವರೆಗೆ ಉಳಿದವರು ನೋಡಿಕೊಳ್ಳುತ್ತಾರೆ." ನನ್ನ ಚಕ್ರದ ಮೇಲೆ ಇದಕ್ಕೇನು ಅಕ್ಕರೆ!

ನಾನು ದಡ್ಡಿಯಲ್ಲ. ಮನಸ್ಸು ನೋಯದ ಹಾಗೆ ಬೇರೆ ಕಾರಣ ಕೊಡು ಎಂದು ಕಲಿಸಿದವಳೇ ನಾನು. ಯಾರೋ ಇಬ್ಬರು ಮಕ್ಕಳು ನನ್ನ ಮೇಲೆ ದೂರು ಹೇಳಿದ್ದಾರೆ. ಅವಳಿಗಳೇ ಇರಬೇಕು, ಮೊನ್ನೆ ಗದರಿದ್ದಕ್ಕೆ. ಇಲ್ಲವೇ ಬಡಗಿ ತನ್ನ ಮಗಳ ಬಾಯಿಗೆ ಮಾತು ತುರುಕಿ ಕಳಿಸಿರಬೇಕು. ನನ್ನ ಮಗಳನ್ನು ಮಾತ್ರ ಕೇಳಲಿಲ್ಲ. ಕೇಳಿ, ಅವಳು ತಲೆ ತಗ್ಗಿಸಿಬಿಟ್ಟರೆ ಎಂಬ ಹೆದರಿಕೆ.

ಹಡಗಿನಿಂದ ಇವರ ಫೋನು ಬಂತು. ಗೊರಗೊರ ಸದ್ದಿನ ನಡುವೆ, "ಎಲ್ಲ ಹೇಗ್ ನಡೀತಿದೆ?" ಎಂದು ಕೇಳಿದರು. ಸರಾಗ ಎಂದೆ. "ನಿನ್ನ ಧ್ವನಿ ಯಾಕೋ ಒಂಥರಾ ಇದೆ" ಎಂದರು. ಲೈನು ಸರಿಯಿಲ್ಲ ಎಂದೆ.

ಮಾರ್ಚ್ ೭, ಶುಕ್ರವಾರ

ಪಾಳಿ ಮುಗಿಸಿ ನೇರವಾಗಿ ಈಜುಕೊಳಕ್ಕೆ ಬಸ್ಸಿನಲ್ಲಿ ಹೋದೆ. ಗೇಟಿನ ಕಂಬದ ಮರೆಯಲ್ಲಿ ಕಳ್ಳಿಯ ಹಾಗೆ ನಿಂತೆ. ಬಡಗಿಯ ಕಾರು ಬಂತು. ಮಕ್ಕಳು ಕಿತ್ತಾಡುತ್ತಾ, ನಗುತ್ತಾ ಇಳಿದರು. ನನ್ನ ಕಾರಿನಿಂದ ಅವರು ಹೀಗೆ ಇಳಿದದ್ದು ಯಾವಾಗ ಎಂದು ಎಣಿಸಲು ಹೋಗಿ ಬಿಟ್ಟೆ.

ಮಕ್ಕಳು ಒಳಗೆ ಹೋದ ಮೇಲೆ ಬಡಗಿಯನ್ನು ತಡೆದೆ.

"ನನ್ನ ಸರದಿ ಎಲ್ಲ ನುಂಗ್ತಾ ಇದ್ದೀಯಲ್ಲಪ್ಪ, ಅರಗತ್ತಾ?"

ಅವನು ಪೆಚ್ಚಾದ. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಸುಮ್ಮನೆ ತಿರುಗಿಸಿದ. "ಅಕ್ಕಾ, ನೀವೇ ತಾನೆ ಬಿಡುವು ಕೇಳಿದ್ದು? ಗುಮಾಸ್ತ ಹಾಗಂತು. ಕೇಳಿದ್ರೆ ನಿಮಗೆ ಮುಜುಗರ ಆಗತ್ತೆ, ವಿಚಾರಿಸ್ಬೇಡಿ ಅಂತಾನೂ ಅಂತು."

"ನಾನ್ಯಾವಾಗ ಕೇಳ್ದೆ?"

"ನಂಗೇನ್ ಗೊತ್ತಕ್ಕ. ನಾನು ಪಾಪ ಅಂದ್ಕೊಂಡು ಒಪ್ಕೊಂಡೆ."

ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ವಾಪಸು ಬರುವಾಗ ಬಸ್ಸು ಸೇತುವೆಯ ಈಚೆ ಬಂದಾಗ ಕಿಟಕಿಯಿಂದ ನೋಡಿದೆ. ರಸ್ತೆಯ ಪಕ್ಕದಲ್ಲಿ ಕಾರು ನಿಲ್ಲಿಸುವಷ್ಟು ಮಣ್ಣಿನ ಜಾಗ, ಆಚೆ ಕಬ್ಬಿಣದ ಕಟಕಟೆ, ಕೆಳಗೆ ನದಿ. ಅಲ್ಲಿ ಸಿಗ್ನಲ್ಲೇ ಇಲ್ಲ.

ಮಾರ್ಚ್ ೧೨

ಬರೆಯಲು ಮನಸ್ಸಿಲ್ಲ. ಇನ್ನೂರ ಹತ್ತರಲ್ಲಿ ಮೂವತ್ತು ಪರದೆ ವಾಪಸು ಬಂದಿವೆ. ಬಿಚ್ಚಿ ಹೊಲಿಯಬೇಕು.

ಮಾರ್ಚ್ ೧೯, ಬುಧವಾರ

ಶನಿವಾರ ಈಜು ತಂಡದ ಆಯ್ಕೆಯ ಸ್ಪರ್ಧೆ. ಮಗಳು ಎರಡು ವರ್ಷದಿಂದ ಇದಕ್ಕಾಗಿ ಕೊಳದ ನೀರು ಕುಡಿದಿದ್ದಾಳೆ. ನಾಲ್ವರನ್ನೂ ಡಾಕ್ಟರು ಕರೆದೊಯ್ಯಬೇಕೆಂದು ಪಟ್ಟಿ ಬಂದಿದೆ, ನನಗೆ ಪ್ರೇಕ್ಷಕರ ಸಾಲಿನಲ್ಲಿ ಸೀಟು ಕಾದಿರಿಸಿದೆಯಂತೆ. ಸಾಕು. ಹೆತ್ತವಳು ನಾನು. ನನ್ನ ಮಗಳನ್ನು ನನ್ನ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಅವರು, "ನಿಮ್ಮಿಷ್ಟ. ಮಗೂನ ಒಂದು ಮಾತು ಕೇಳಿ" ಎಂದರು.

ಕೇಳಲಿಲ್ಲ, ಹೇಳಿದೆ. ಮಗಳು ತನ್ನ ಈಜುಟೋಪಿಯನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ, "ಬೇಗ ಹೊರಡೋಣ್ವಾ ಅಮ್ಮ? ತುಂಬ ಬೇಗ. ತಡ ಆದ್ರೂ ತಡ ಆಗ್ದೇ ಇರೋ ಥರ" ಎಂದಳು.

ಮಾರ್ಚ್ ೨೨, ಶನಿವಾರ

ಎಲ್ಲವನ್ನೂ ಬರೆದಿಡಬೇಕು. ನಾಳೆ ನನಗೆ ಇದು ನಡೆದೇ ಇಲ್ಲ ಎನಿಸಬಹುದು.

ಬೆಳಿಗ್ಗೆ ಏಳಕ್ಕೆ ಮನೆಯ ಮುಂದೆ ಕಾರಿನಲ್ಲಿ ಕೂತೆವು. ಮಗಳು ಪಕ್ಕದಲ್ಲಿ, ಚೀಲ ತೊಡೆಯ ಮೇಲೆ. ಕೀಲಿ ತಿರುಗಿಸುವುದರೊಳಗೆ ಗುಮಾಸ್ತನ ಧ್ವನಿ ಬಂತು.

"ಹೊರಡುವ ಮುನ್ನ ಒಂದು ಮಾತು. ನಿಮ್ಮ ಸೂಚನೆಗೆ ವಿರುದ್ಧವಾಗಿ ನೀವೇ ಹೊರಟಿದ್ದೀರಿ."

"ಯಾವ ಸೂಚನೆ? ದೂರು ಕೊಟ್ಟೋರು ಯಾರು ಅದನ್ನ ಹೇಳು ಮೊದ್ಲು. ನಾನು ಮಾಡಿದ ನಿಯಮ, ನಾನೇ ಕಿತ್ತು ಹಾಕ್ತಿದೀನಿ."

"ಮಕ್ಕಳು ಯಾರೂ ನಿಮ್ಮ ಮೇಲೆ ದೂರು ಹೇಳಿಲ್ಲ. ನಿಮ್ಮನ್ನು ಪಟ್ಟಿಯಿಂದ ತೆಗೆಯಲು ನೀವೇ ಹೇಳಿದಿರಿ. ಫೆಬ್ರವರಿ ಇಪ್ಪತ್ತೊಂದು, ಸಂಜೆ ಐದು ಇಪ್ಪತ್ತೆರಡಕ್ಕೆ."

"ನಾನಾ?"

"ನಿಮ್ಮ ಧ್ವನಿ ನನ್ನ ಬಳಿ ಇದೆ. ಅವಳಿಗೆ ಕೇಳಿಸಬೇಡ ಎಂದೂ ಹೇಳಿದ್ದಿರಿ. ಈಗ ಕೇಳುತ್ತಿರುವವರು ಯಾರು ಎಂದು ತೀರ್ಮಾನಿಸಲು ನನ್ನಿಂದಾಗುತ್ತಿಲ್ಲ. ಇಬ್ಬರ ಧ್ವನಿಯೂ ಒಂದೇ. ಆದರೆ ಮಗು ಕಾರಿನಲ್ಲಿದೆ. ಹಾಗಾಗಿ ಕೇಳಿಸುತ್ತಿದ್ದೇನೆ."

ಮೊದಲು ಗಾಳಿಯ ಸದ್ದು. ಆಮೇಲೆ ನನ್ನ ಧ್ವನಿ. ನನ್ನದೇ, ಅನುಮಾನವಿಲ್ಲ. ಆದರೆ ನಾನು ಹುಟ್ಟಿದಂದಿನಿಂದ ಅಷ್ಟು ನಿಧಾನವಾಗಿ ಮಾತಾಡಿದ್ದೇ ಇಲ್ಲ. "ಮಕ್ಕಳನ್ನ ಅವಳ ಜೊತೆ ಕಳಿಸ್ಬೇಡ. ಅವಳಿಗೆ ಗೊತ್ತಾಗೋ ಹಾಗೆ ಮಾಡ್ಬೇಡ, ಬೇಜಾರು ಮಾಡ್ಕೊಳ್ತಾಳೆ. ತುಂಬ ಸುಸ್ತಾಗಿದಾಳೆ ಪಾಪ." ಹಿಂದಿನಿಂದ ಗುಬ್ಬಿಯ ಧ್ವನಿ: "ಆಂಟಿ, ನಂಗೆ ನೀವೇ ಇಷ್ಟ." ಯಾರೋ ನಕ್ಕರು. ನಾನೇ ನಕ್ಕಿದ್ದೆ.

ಫೋನನ್ನು ಹತ್ತಿರ ಹಿಡಿದು ಕೇಳಿದೆ.

"ಅವಳು ಅಂದ್ರೆ ಯಾರು ಅಂತ ಕೇಳ್ಲಿಲ್ವಾ ನೀನು?"

"ಕೇಳಿದೆ. ‘ವಾಪಸು ಬರುವವಳು’ ಎಂದಿರಿ."

ಮಗಳ ಕಡೆ ತಿರುಗಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಹೂಂ."

"ಏನ್ ಮಾಡ್ತೀನಿ ನಾನು ಅಲ್ಲಿ?"

"ನೀನಲ್ಲ." ಅವಳು ಚೀಲದ ಜಿಪ್ಪು ಎಳೆಯುತ್ತಾ ಹೇಳಿದಳು. "ಸೇತುವೆ ಬರೋಕ್ ಮುಂಚೆ ಅವಳು ಬರ್ತಾಳೆ. ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸ್ತಾಳೆ. ಕಿಟಕಿ ಇಳಿಸ್ತಾಳೆ. ಎಲ್ಲರೂ ಬೆಲ್ಟ್ ಹಾಕಿದೀರಾ ಅಂತ ಹಿಂದೆ ತಿರುಗಿ ನೋಡ್ತಾಳೆ. ಆಮೇಲೆ ನದಿ ನೋಡ್ತಾ ಕೂತ್ಕೊಳ್ತೀವಿ. ಅಷ್ಟೆ."

"ಭಯ ಆಗಲ್ವೇನೇ?"

"ಆವಾಗ ಆಗಲ್ಲ. ಆಮೇಲೆ ನೀನು ಬರ್ತೀಯ. ಗಡಿಯಾರ ನೋಡ್ತೀಯ, ಅಯ್ಯೋ ಅಂತೀಯ, ಜೋರಾಗಿ ಕಾರು ಓಡಿಸ್ತೀಯ. ಆವಾಗ ಆಗತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ದೂರು ಹೇಳಿದ್ರೆ ನೀನು ಅಳ್ತೀಯ ಅಂತ. ಯಾರಿಗೂ ಹೇಳಲ್ಲ ಅಂತ ಅವಳಿಗಳ ಹತ್ರಾನೂ ಗುಬ್ಬಿ ಹತ್ರಾನೂ ಪ್ರಮಾಣ ಮಾಡಿಸ್ಕೊಂಡಿದೀನಿ."

ಕೀಲಿ ತೆಗೆದು ಅವಳ ಚೀಲದೊಳಗೆ ಹಾಕಿದೆ. ಗುಮಾಸ್ತ ನಾನು ಹೇಳದೆಯೇ ಬಡಗಿಗೆ ಫೋನು ಹಚ್ಚಿತು. ಹತ್ತೇ ನಿಮಿಷದಲ್ಲಿ ಅವನು ಬಂದ, ಮೈಮೇಲೆಲ್ಲ ಮರದ ಹೊಟ್ಟು. ಏನನ್ನೂ ಕೇಳಲಿಲ್ಲ. ದಾರಿಯುದ್ದಕ್ಕೂ ಎರಡೂ ಕೈ ಸ್ಟೀರಿಂಗಿನ ಮೇಲಿತ್ತು. ನಾನು ಹಿಂದೆ ಕೂತಿದ್ದೆ. ಸೇತುವೆ ಬರುವ ಮೊದಲು ಮಗಳು ಹಿಂದೆ ತಿರುಗಿ ನನ್ನ ಕಡೆ ನೋಡಿದಳು. ದಾಟಿದ ಮೇಲೆ ಇನ್ನೊಂದು ಸಲ ನೋಡಿದಳು. ಮೊದಲ ಸಲ ಅವಳು ಸಣ್ಣದಾಗಿ ನಕ್ಕಿದ್ದು ನನಗೆ ನೆನಪಿದೆ. ಸೇತುವೆ ನೆನಪಿಲ್ಲ.

ಮೂರನೆಯವಳಾಗಿ ಗೋಡೆ ಮುಟ್ಟಿದಳು. ಆಯ್ಕೆ ಇಬ್ಬರಿಗೆ ಮಾತ್ರ. ಅವಳು ಅಳಲಿಲ್ಲ, ನಾನು ಅತ್ತೆ. ಡಾಕ್ಟರು ನನ್ನ ಪಕ್ಕದಲ್ಲಿ ಕೂತು, ಸೋತದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು ಕರವಸ್ತ್ರ ಕೊಟ್ಟರು. ಆಮೇಲೆ ಅವರಿಗೆ ಎಲ್ಲ ಹೇಳಿದೆ. ಹಲ್ಲು ಬಿಟ್ಟು ಬೇರೆ ರೋಗದ ಬಗ್ಗೆ ಮಾತಾಡಲು ಅವರಿಗೆ ಸಂಕೋಚ. ಆದರೂ ಫೋನು ತೆಗೆದು ಅಲ್ಲೇ ಒಬ್ಬ ನರರೋಗ ವೈದ್ಯರ ಸಮಯ ಗೊತ್ತು ಮಾಡಿದರು.

ಮಾರ್ಚ್ ೨೬, ಬುಧವಾರ

ತಲೆಗೆ ತಂತಿ ಅಂಟಿಸಿ ಅರ್ಧ ಗಂಟೆ ಮಲಗಿಸಿದರು. ವೈದ್ಯರು ವಯಸ್ಸಾದವರು, ನಿಧಾನಸ್ಥರು. ಮಿದುಳಿನಲ್ಲಿ ಸಣ್ಣ ಸಣ್ಣ ಸೆಳೆತ, ನಿದ್ದೆಗೆಟ್ಟಾಗ ಹೆಚ್ಚಾಗುತ್ತದೆ, ಆ ಹೊತ್ತಿನಲ್ಲಿ ಮನುಷ್ಯ ನಡೆಯಬಹುದು, ಒಂದೆರಡು ಮಾತೂ ಆಡಬಹುದು, ಆಮೇಲೆ ನೆನಪಿರುವುದಿಲ್ಲ ಎಂದರು. ಮಾತ್ರೆಗೆ ಬಗ್ಗುವ ಕಾಯಿಲೆಯಂತೆ. ಆರು ತಿಂಗಳು ಕಾರು ಮುಟ್ಟುವಂತಿಲ್ಲ.

ಅವರಿಗೆ ಆ ಧ್ವನಿಯನ್ನು ಕೇಳಿಸಿದೆ. ಎರಡು ಸಲ ಕೇಳಿದರು. "ಇಷ್ಟು ಉದ್ದ ಮಾತು, ಇಷ್ಟು ಅಚ್ಚುಕಟ್ಟಾಗಿ..." ಎಂದು ಅರ್ಧಕ್ಕೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಚೀಟಿ ಬರೆಯತೊಡಗಿದರು. ಚೀಟಿಯಲ್ಲಿ ಇದಕ್ಕೆ ಏನೂ ಬರೆದಿಲ್ಲ.

ಹಡಗಿಗೆ ಸಂದೇಶ ಕಳಿಸಿದೆ. ಅಕ್ಕನಿಗೂ ಫೋನು ಮಾಡಿದೆ, ಭಾನುವಾರ ಬರುತ್ತಾಳೆ. ಬಯ್ಯುತ್ತಾ ಬರುತ್ತಾಳೆ, ಬರಲಿ.

ಮಾರ್ಚ್ ೨೭, ಗುರುವಾರ

ಇಲ್ಲಿ ಯಾರಿಗೂ ಹೇಳಲಾಗದ್ದನ್ನು ಬರೆಯುತ್ತೇನೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ನನ್ನ ಮಗಳನ್ನು ಒಂಬತ್ತು ತಿಂಗಳು ಹೊತ್ತವಳು ನಾನು, ಐದಕ್ಕೆ ಎದ್ದು ದುಡಿಯುವವಳು ನಾನು. ಅವಳು ಒಂಬತ್ತು ನಿಮಿಷ ಬಂದು ಕಿಟಕಿ ಇಳಿಸಿ ನದಿ ತೋರಿಸಿ ಹೋಗುತ್ತಾಳೆ, ಮಕ್ಕಳಿಗೆ ಅವಳೇ ಇಷ್ಟ. ಮಾತ್ರೆಯ ಡಬ್ಬಿ ನಿನ್ನೆಯಿಂದ ಮೇಜಿನ ಮೇಲಿದೆ. ಯಾಕೆ ಇನ್ನೂ ಶುರು ಮಾಡಿಲ್ಲವೋ ಗೊತ್ತಿಲ್ಲ. ಕೈ ಡಬ್ಬಿಯವರೆಗೂ ಹೋಗುತ್ತದೆ, ಆಮೇಲೆ ನೋಡಿದರೆ ಹತ್ತು ನಿಮಿಷ ಕಳೆದಿರುತ್ತದೆ, ಡಬ್ಬಿ ಮೇಜಿನ ಆ ತುದಿಯಲ್ಲಿರುತ್ತದೆ.

ಮಾರ್ಚ್ ೨೮, ಶುಕ್ರವಾರ

ಊಟವಾದ ಮೇಲೆ ಮಗಳೇ ಡಬ್ಬಿ ತೆರೆದು ಒಂದು ಮಾತ್ರೆ ನನ್ನ ಅಂಗೈಯಲ್ಲಿಟ್ಟಳು. ಲೋಟದಲ್ಲಿ ನೀರು ಹಿಡಿದುಕೊಂಡು ಎದುರಿಗೆ ನಿಂತಳು.

"ಇದು ತಗೊಂಡ್ರೆ ಅವಳು ಬರಲ್ವಾ?"

"ಬರಲ್ಲ ಅಂದಿದಾರೆ ಡಾಕ್ಟ್ರು."

ಅವಳು ಯೋಚಿಸಿದಳು. ಕೊಳದ ಅಂಚಿನಲ್ಲಿ ಸೀಟಿಗಾಗಿ ಕಾಯುವಾಗ ಹುಬ್ಬು ಗಂಟಿಕ್ಕುತ್ತಾಳಲ್ಲ, ಹಾಗೆ.

"ಆರು ತಿಂಗಳಾದ್ಮೇಲೆ ಮತ್ತೆ ನೀನು ಓಡಿಸ್ತೀಯಲ್ಲ. ಆವಾಗ ಕಾರು ಯಾರು ನಿಲ್ಲಿಸ್ತಾರೆ?"

ಮಾತ್ರೆ ಅಂಗೈಯ ಬೆವರಿಗೆ ಕರಗತೊಡಗಿತ್ತು. "ನಾನು ನಿಲ್ಲಿಸ್ತೀನಿ" ಎಂದೆ. ಆದಷ್ಟು ನಿಧಾನವಾಗಿ ಹೇಳಿದೆ. ಅವಳು ಲೋಟ ಕೊಡದೆ, ನನ್ನ ಒಂದು ಕಣ್ಣನ್ನು ನೋಡಿ, ಇನ್ನೊಂದನ್ನು ನೋಡಿ, ತುಂಬ ಹೊತ್ತು ಪರೀಕ್ಷಿಸಿದಳು.

"ನಿಜವಾಗ್ಲೂ ನೀನಾ?" ಎಂದಳು.

ಹೌದು ಎಂದೆ. ಮಾತ್ರೆ ಬಾಯಿಗೆ ಹಾಕಿಕೊಂಡೆ. ಅವಳು ಲೋಟವನ್ನು ನನ್ನ ಕೈಗೆ ಕೊಟ್ಟು, ನಾನು ನುಂಗುವವರೆಗೂ ಕಾದು, ಆಮೇಲೆ ನನ್ನ ಹೆಗಲಿನ ಆಚೆಗೆ ಯಾರಿಗೋ ಟಾಟಾ ಮಾಡುವ ಹಾಗೆ ಮೆಲ್ಲಗೆ ಕೈ ಬೀಸಿದಳು.